ಜಠರದ ಗೋಡೆ ದಪ್ಪ, ಬಯಾಪ್ಸಿ ಎರಡು ಸಲ ನೆಗೆಟಿವ್, ಹಿಂದೆ ಲೋಬ್ಯುಲರ್ ಸ್ತನ ಕ್ಯಾನ್ಸರ್: ಇಯುಎಸ್ ಎಫ್‌ಎನ್‌ಎ ಸ್ಯಾಂಪಲ್ ಹೇಗೆ ನಿಭಾಯಿಸಬೇಕು?

ಸೈಟೋ_ಬಸವನಗುಡಿ (ಪ್ರಶ್ನೆ)

ನಮಸ್ಕಾರ. ಮುಂದಿನ ವಾರ ನಮ್ಮ ಲ್ಯಾಬಿಗೆ ಬರುವ ಒಂದು ಸ್ಯಾಂಪಲ್‌ಗೆ ಏನೇನು ಸಿದ್ಧ ಇಟ್ಟುಕೊಳ್ಳಬೇಕು ಅಂತ ತಿಳಿದವರು ದಯವಿಟ್ಟು ಹೇಳಿ.

ಪೇಷೆಂಟ್ ಸುಮಾರು 60 ವರ್ಷದ ಮಹಿಳೆ. 8 ವರ್ಷದ ಹಿಂದೆ ಇನ್‌ವೇಸಿವ್ ಲೋಬ್ಯುಲರ್ ಕಾರ್ಸಿನೋಮಾಗೆ ಸ್ತನದ ಆಪರೇಷನ್ ಆಗಿದೆ, ಆಮೇಲೆ 5 ವರ್ಷ ಹಾರ್ಮೋನ್ ಮಾತ್ರೆ. ಈಗ ನಾಲ್ಕು ತುತ್ತು ತಿಂದರೆ ಹೊಟ್ಟೆ ತುಂಬಿದ ಹಾಗಾಗುತ್ತೆ, ವಾಂತಿ, ತೂಕ ಇಳಿದಿದೆ. ಸಿಟಿಯಲ್ಲಿ ಜಠರದ ಗೋಡೆ ಉದ್ದಕ್ಕೂ ದಪ್ಪಗಾಗಿದೆ. ಎಂಡೋಸ್ಕೋಪಿಯಲ್ಲಿ ಒಳಪೊರೆ ಹೆಚ್ಚುಕಮ್ಮಿ ಚೆನ್ನಾಗೇ ಇದೆ, ಆದರೆ ಗಾಳಿ ತುಂಬಿದರೂ ಜಠರ ಹಿಗ್ಗುತ್ತಿಲ್ಲ. ಬಯಾಪ್ಸಿ ಎರಡು ಸಲ ಆಗಿದೆ, ಎರಡು ಸಲವೂ 'ಕ್ರಾನಿಕ್ ಗ್ಯಾಸ್ಟ್ರೈಟಿಸ್' ಅಂತ ರಿಪೋರ್ಟ್. ಈಗ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ ಗೋಡೆಯಿಂದಲೇ ಸೂಜಿ ಸ್ಯಾಂಪಲ್ (ಇಯುಎಸ್ ಎಫ್‌ಎನ್‌ಎ) ತೆಗೀತಾರೆ.

ತೊಡಕು ಏನಂದ್ರೆ, ಪ್ರೊಸೀಜರ್ ನಡೆಯೋದು ರಾಜಾಜಿನಗರದಲ್ಲಿ, ಲ್ಯಾಬ್ ಇರೋದು ಬಸವನಗುಡಿಯಲ್ಲಿ. ಪೆಥಾಲಜಿಸ್ಟ್ ಅಲ್ಲಿಗೇ ಹೋಗಿ ಸ್ಲೈಡ್ ನೋಡೋ ವ್ಯವಸ್ಥೆ ಇಲ್ಲ. ಸ್ಯಾಂಪಲ್ ಬೈಕ್‌ನಲ್ಲಿ ಬರುತ್ತೆ, ಸಂಜೆಯಾದರೆ ಒಂದೂವರೆ ಗಂಟೆ ಆದರೂ ಆಗಬಹುದು.

ಎಷ್ಟು ಪಾಸ್ (ಎಷ್ಟು ಸಲ ಸೂಜಿ ಹಾಕಿ ತೆಗೆಯೋದು) ಕೇಳಬೇಕು? ಯಾವುದನ್ನು ಸ್ಮಿಯರ್‌ಗೆ (ಸ್ಲೈಡ್ ಮೇಲೆ ಹರಡೋಕೆ), ಯಾವುದನ್ನು ಸೆಲ್ ಬ್ಲಾಕ್‌ಗೆ (ಕೋಶ ಒಟ್ಟುಮಾಡಿ ಮೇಣದಲ್ಲಿ ಕೂರಿಸೋಕೆ) ಕೊಡಬೇಕು? ಕಮ್ಮಿ ಕೋಶ ಬಂದರೆ ಮೊದಲು ಯಾವ ಮಾರ್ಕರ್ (ಕೋಶ ಯಾವ ಅಂಗದ್ದು ಅಂತ ತೋರಿಸೋ ಪ್ರೊಟೀನ್ ಟೆಸ್ಟ್) ಹಾಕೋದು?

ಸೂಕ್ಷ್ಮದರ್ಶಿ (ಸೈಟೋಪೆಥಾಲಜಿ)

ಸೂಜಿ ಹಾಕುವ ಮೊದಲು ಒಂದು ಕೆಲಸ ಬಾಕಿ ಇದೆ. ಆ ಎರಡು 'ನೆಗೆಟಿವ್' ಬಯಾಪ್ಸಿಗಳ ಪ್ಯಾರಾಫಿನ್ ಬ್ಲಾಕ್ ತರಿಸಿ, ಹೊಸದಾಗಿ ಆಳಕ್ಕೆ ಕಟ್ ಮಾಡಿಸಿ, ಪ್ಯಾನ್‌ಸೈಟೋಕೆರಟಿನ್ ಮತ್ತು ಗಾಟಾ3 ಮಾರ್ಕರ್ ಹಾಕಿಸಿ. ಲೋಬ್ಯುಲರ್ ಕೋಶಗಳು ಗುಂಪು ಕಟ್ಟುವುದಿಲ್ಲ. ಲ್ಯಾಮಿನಾ ಪ್ರೋಪ್ರಿಯಾದಲ್ಲಿ (ಒಳಪೊರೆಯ ಗ್ರಂಥಿಗಳ ನಡುವಿನ ಅಂಗಾಂಶ) ಒಂದೊಂದಾಗಿ ಚದುರಿ ಕೂತಿರುತ್ತವೆ. ಸಣ್ಣ ನ್ಯೂಕ್ಲಿಯಸ್, ಮಸುಕಾದ ಸೈಟೋಪ್ಲಾಸಂ. ಎಚ್ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡ್‌ನಲ್ಲಿ ಹಿಸ್ಟಿಯೋಸೈಟ್, ಪ್ಲಾಸ್ಮಾ ಕೋಶದಂಥ ಉರಿಯೂತದ ಕೋಶಗಳ ನಡುವೆ ಕಣ್ಣಿಗೇ ಬೀಳುವುದಿಲ್ಲ. ರಿಕ್ವಿಸಿಷನ್ ಫಾರಂನಲ್ಲಿ 'ಡಿಸ್ಪೆಪ್ಸಿಯಾ' ಅಂತ ಮಾತ್ರ ಬರೆದಿದ್ದರೆ ನೋಡುವವರು ಅದನ್ನು ಹುಡುಕುವುದೂ ಇಲ್ಲ. ಸ್ತನ ಕ್ಯಾನ್ಸರ್ ಇತ್ತು ಅನ್ನುವ ಒಂದು ಸಾಲು ಆ ಫಾರಂನಲ್ಲಿ ಇತ್ತೇ ಅಂತ ದಯವಿಟ್ಟು ನೋಡಿ. ಈ ಕಾಯಿಲೆಯಲ್ಲಿ ಡಯಾಗ್ನೋಸಿಸ್ ತಪ್ಪುವುದು ಹೆಚ್ಚಾಗಿ ಅಲ್ಲೇ. ಲೋಬ್ಯುಲರ್ ಕಾರ್ಸಿನೋಮಾ ಹತ್ತು ವರ್ಷ ಕಳೆದ ಮೇಲೂ ಜಠರದಲ್ಲಿ ಕಾಣಿಸಿಕೊಳ್ಳುತ್ತದೆ, ಅಷ್ಟು ಹಳೆಯದು ಅಂತ ಪೇಷೆಂಟ್ ಕಡೆಯವರೂ ಹೇಳದೆ ಬಿಟ್ಟಿರುತ್ತಾರೆ.

ಬಯಾಪ್ಸಿಯಲ್ಲೇ ಉತ್ತರ ಸಿಕ್ಕರೆ ಸೂಜಿಯೇ ಬೇಡ. ಸಿಗದಿದ್ದರೂ ಆಶ್ಚರ್ಯವಿಲ್ಲ. ಹರಡಿದ ಗಡ್ಡೆ ರಕ್ತನಾಳ, ಲಿಂಫ್ ನಾಳದ ದಾರಿಯಲ್ಲಿ ಬಂದು ಸಬ್‌ಮ್ಯೂಕೋಸಾ, ಸ್ನಾಯು ಪದರದಲ್ಲಿ ಬೆಳೆಯುತ್ತದೆ. ಮಾಮೂಲಿ ಫೋರ್ಸೆಪ್ಸ್ ಒಳಪೊರೆಯನ್ನಷ್ಟೇ ಕಚ್ಚುತ್ತದೆ. ಬ್ರಷ್ ಸೈಟಾಲಜಿಯಂತೂ ಇಲ್ಲಿ ಪ್ರಯೋಜನಕ್ಕೆ ಬಾರದು, ಮೇಲಿನ ಪದರ ಹುಣ್ಣಾಗಿ ಒಡೆದಿದ್ದರೆ ಮಾತ್ರ ಅದರಲ್ಲಿ ಕೋಶ ಸಿಗುತ್ತದೆ.

ಇನ್ನು ಮಾರ್ಕರ್. ನಿಮ್ಮ ಮುಂದಿರುವ ಪ್ರಶ್ನೆ ಒಂದೇ: ಇದು ಜಠರದಲ್ಲೇ ಹುಟ್ಟಿದ ಸಿಗ್ನೆಟ್ ರಿಂಗ್ ಕಾರ್ಸಿನೋಮಾವೋ (ಲೋಳೆ ತುಂಬಿ ಉಂಗುರದಂತೆ ಕಾಣುವ ಕೋಶಗಳ ಕ್ಯಾನ್ಸರ್), ಸ್ತನದಿಂದ ಬಂದದ್ದೋ? ಮೊದಲನೆಯದಾದರೆ ಗ್ಯಾಸ್ಟ್ರೆಕ್ಟಮಿಯ ಮಾತು ಬರುತ್ತದೆ. ಎರಡನೆಯದಾದರೆ ಸಾಮಾನ್ಯವಾಗಿ ಔಷಧ ಚಿಕಿತ್ಸೆ, ಜಠರ ತೆಗೆಯುವುದರಿಂದ ಲಾಭವಿಲ್ಲ. ಸ್ಮಿಯರ್ ಮಾತ್ರ ನೋಡಿ ಇದನ್ನು ತೀರ್ಮಾನಿಸಲು ಹೋಗಬೇಡಿ, ಎರಡೂ ಒಂದೇ ಥರ ಕಾಣುತ್ತವೆ. ಎಂಜಿಜಿಯಲ್ಲಿ (ಒಣಗಿಸಿದ ಸ್ಲೈಡ್‌ಗೆ ಹಾಕುವ ಬಣ್ಣ) ಸೈಟೋಪ್ಲಾಸಂ ಒಳಗೊಂದು ದುಂಡನೆಯ ಖಾಲಿ ಜಾಗ, ಅದರ ನಡುವೆ ಕೆನ್ನೇರಳೆ ಚುಕ್ಕಿ, ಎರಡು ಮೂರು ಕೋಶ ಒಂದೇ ಸಾಲಿನಲ್ಲಿ ಕಂಡರೆ ಸ್ತನದ ಕಡೆಗೆ ವಾಲಬಹುದು, ಅಷ್ಟೇ.

ಕೋಶ ಕಮ್ಮಿ ಇದ್ದರೆ ಈ ಕ್ರಮದಲ್ಲಿ ಹೋಗಿ: ಗಾಟಾ3, ಇಆರ್ (ಈಸ್ಟ್ರೋಜನ್ ರಿಸೆಪ್ಟರ್), ಸಿಡಿಎಕ್ಸ್2. ಇನ್ನೂ ಉಳಿದರೆ ಎಚ್‌ಎನ್‌ಎಫ್4ಎ, ಸಿಕೆ20. ಗಾಟಾ3 ಮತ್ತು ಇಆರ್ ಎರಡೂ ನ್ಯೂಕ್ಲಿಯಸ್‌ನಲ್ಲಿ ಗಟ್ಟಿಯಾಗಿ ಬಂದು, ಸಿಡಿಎಕ್ಸ್2 ಮತ್ತು ಎಚ್‌ಎನ್‌ಎಫ್4ಎ ನೆಗೆಟಿವ್ ಆದರೆ ಸ್ತನದ್ದು ಅಂತ ಹೇಳಲು ಧೈರ್ಯ ಬರುತ್ತದೆ. ಇಆರ್ ಒಂದನ್ನೇ ನಂಬಬೇಡಿ. ಹರಡಿದ ಗಡ್ಡೆಯಲ್ಲಿ ಅದು ಹೋಗಿಬಿಟ್ಟಿರಬಹುದು, ಅಪರೂಪಕ್ಕೆ ಜಠರದ ಗಡ್ಡೆಯಲ್ಲೂ ಮಂದವಾಗಿ ಬರಬಹುದು.

ಇ-ಕ್ಯಾಡ್ಹೆರಿನ್‌ಗೆ ಸೆಕ್ಷನ್ ಖರ್ಚು ಮಾಡಬೇಡಿ. ಲೋಬ್ಯುಲರ್‌ನಲ್ಲಿ ಅದು ಇರುವುದಿಲ್ಲ, ಜಠರದ ಡಿಫ್ಯೂಸ್ ಕ್ಯಾನ್ಸರ್‌ನಲ್ಲೂ ಬಹಳ ಸಲ ಇರುವುದಿಲ್ಲ. ಸಿಕೆ7 ಕೂಡ ಎರಡರಲ್ಲೂ ಪಾಸಿಟಿವ್ ಬರಬಹುದು. ಹೀಗೆ ಎರಡು ಸೆಕ್ಷನ್ ಹಾಳಾದ ಮೇಲೆ ಬ್ಲಾಕ್‌ನಲ್ಲಿ ಕೋಶವೇ ಉಳಿಯದ ಸಂದರ್ಭಗಳು ಬೇಕಾದಷ್ಟಿವೆ.

ಗಾಟಾ3 ಓದುವಾಗ ಒಂದು ಎಚ್ಚರ. ಟಿ ಲಿಂಫೋಸೈಟ್‌ಗಳಲ್ಲೂ ಅದು ಬಣ್ಣ ಹಿಡಿಯುತ್ತದೆ. ಜಠರದ ಗೋಡೆಯಲ್ಲಿ ಲಿಂಫೋಸೈಟ್‌ಗೆ ಬರವಿಲ್ಲ. ಆದ್ದರಿಂದ ಪಕ್ಕದ ಸೆಕ್ಷನ್‌ನಲ್ಲಿ ಕೆರಟಿನ್ ಇಟ್ಟುಕೊಂಡು, ಅದೇ ಜಾಗದ ಕೋಶ ಎರಡರಲ್ಲೂ ಪಾಸಿಟಿವ್ ಇದೆಯೇ ಅಂತ ಹೋಲಿಸಿ.

ಸ್ಕೋಪ್_ಮಲ್ಲೇಶ್ವರಂ (ಗ್ಯಾಸ್ಟ್ರೋಎಂಟರಾಲಜಿ)

ಮೇಡಂ ಹೇಳಿದ ಬ್ಲಾಕ್ ವಿಚಾರ ಮೊದಲು ಆಗಲಿ. ಸೂಜಿಗೇ ಹೋಗಬೇಕಾಗಿ ಬಂದರೆ ಸೆಂಟರ್‌ನವರ ಹತ್ತಿರ ಮಾತಾಡಬೇಕಾದ ಕೆಲವು ವಿಷಯ ಹೇಳ್ತೀನಿ.

ಅಲ್ಟ್ರಾಸೌಂಡ್‌ನಲ್ಲಿ ಜಠರದ ಗೋಡೆ ಐದು ಪದರವಾಗಿ ಕಾಣುತ್ತೆ. ಮೂರನೇದು ಬೆಳ್ಳಗೆ, ಅದು ಸಬ್‌ಮ್ಯೂಕೋಸಾ. ನಾಲ್ಕನೇದು ಕಪ್ಪಗೆ, ಸ್ನಾಯು. ದಪ್ಪಗಾಗಿರೋದು ಯಾವ ಪದರ, ಎಷ್ಟು ಮಿಲಿಮೀಟರ್ ಅಂತ ಫಾರಂನಲ್ಲಿ ಬರೆಸಿಕೊಳ್ಳಿ. ನಾಲ್ಕನೇ ಪದರದಲ್ಲಿ ಉಂಡೆಯಾಗಿರೋ ಗಡ್ಡೆ ಅಂದ್ರೆ ಜಿಸ್ಟ್, ಲಿಯೋಮಯೋಮಾ (ಎರಡೂ ಗೋಡೆಯ ಆಳದಲ್ಲೇ ಹುಟ್ಟೋ ಗಡ್ಡೆಗಳು) ನೆನಪಾಗಬೇಕು. ಮೂರು ನಾಲ್ಕು ಎರಡೂ ಸೇರಿ ಉದ್ದಕ್ಕೆ ದಪ್ಪಗಾಗಿದ್ದರೆ ಲೋಬ್ಯುಲರ್, ಡಿಫ್ಯೂಸ್ ಜಠರ ಕ್ಯಾನ್ಸರ್, ಲಿಂಫೋಮಾ, ಈ ಮೂರೂ ಪಟ್ಟಿಯಲ್ಲಿ ಇರಬೇಕು.

ಇಂಥ ಗಟ್ಟಿ, ನಾರುನಾರಾದ ಗೋಡೆಯಲ್ಲಿ ಮಾಮೂಲಿ ಎಫ್‌ಎನ್‌ಎ ಸೂಜಿಯಿಂದ ಕೋಶ ಸರಿಯಾಗಿ ಕಳಚಿ ಬರೋದಿಲ್ಲ. ತುದಿಯಲ್ಲಿ ಮೂರು ಹಲ್ಲು ಇರೋ 22 ಗೇಜ್ ಬಯಾಪ್ಸಿ ಸೂಜಿ ಸಿಗುತ್ತಾ ಕೇಳಿ. ಅದರಲ್ಲಿ ಸಣ್ಣ ಎಳೆಯಂಥ ಅಂಗಾಂಶ ಬರುತ್ತೆ, ನಿಮಗೆ ಮಾರ್ಕರ್‌ಗೆ ಬೇಕಿರೋದು ಅದೇ. ಸ್ಥಳದಲ್ಲಿ ನೋಡುವವರಿಲ್ಲದಾಗ ಗಟ್ಟಿ ಗಡ್ಡೆಗೆ ಸಾಮಾನ್ಯವಾಗಿ ಎಫ್‌ಎನ್‌ಎ ಸೂಜಿಯಲ್ಲಿ 3ರಿಂದ 4 ಪಾಸ್, ಬಯಾಪ್ಸಿ ಸೂಜಿಯಲ್ಲಿ 2ರಿಂದ 3 ಪಾಸ್ ಅನ್ನೋದು ಲೆಕ್ಕ. ಗೋಡೆ ತೆಳುವಾಗಿದ್ದರೆ ಸೂಜಿ ನೇರ ಚುಚ್ಚಿದ ಕೂಡಲೇ ಆಚೆ ಬಂದುಬಿಡುತ್ತೆ. ಓರೆಯಾಗಿ ಹಾಕಿದರೆ ಅದೇ ಗೋಡೆಯೊಳಗೆ ಓಡಾಡೋಕೆ ಉದ್ದ ಸಿಗುತ್ತೆ.

ಮೊದಲ ಪಾಸ್ ಸಕ್ಷನ್ ಇಲ್ಲದೆ ಸ್ಟೈಲೆಟ್ (ಸೂಜಿಯೊಳಗಿನ ತಂತಿ) ನಿಧಾನಕ್ಕೆ ಎಳೆಯುತ್ತಾ ಮಾಡಲಿ, ಒಣಗಿದ ಹಾಗೆ ಬಂದರೆ ಮಾತ್ರ 10 ಎಂಎಲ್ ಸಿರಿಂಜ್ ಹಾಕಲಿ. ಸಕ್ಷನ್ ಹಾಕಿದ್ದರೆ ಸೂಜಿ ಗಡ್ಡೆಯಿಂದ ಆಚೆ ಬರೋ ಮೊದಲು ಸಿರಿಂಜ್‌ನ ನಲ್ಲಿ ಮುಚ್ಚಿ ಸಕ್ಷನ್ ನಿಲ್ಲಿಸಬೇಕು. ಇಲ್ಲದಿದ್ದರೆ ವಾಪಸ್ ಬರೋ ದಾರಿಯಲ್ಲಿ ಜಠರದ ಒಳಪೊರೆ, ಲೋಳೆ ಎಲ್ಲ ಎಳೆದುಕೊಂಡು ಬರುತ್ತೆ, ಆಮೇಲೆ ನಿಮ್ಮ ಸ್ಲೈಡ್ ತುಂಬ ಅದೇ.

ಪೇಷೆಂಟ್ ಕ್ಲೋಪಿಡೋಗ್ರೆಲ್ ತಗೋತಿದ್ದರೆ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸೋದು ಬೇಡ. ಅದು ಮೊದಲೇ ಗೊತ್ತಾಗಿಲ್ಲ ಅಂತ ಪ್ರೊಸೀಜರ್ ದಿನ ಮುಂದೂಡಿದರೆ ಹೊಟ್ಟೆಗೆ ಏನೂ ಇಳಿಯದ ಪೇಷೆಂಟ್‌ಗೆ ಇನ್ನೊಂದು ವಾರ ಉಪವಾಸ. ಅದಕ್ಕೇ ಈಗಲೇ ಕೇಳಿಡಿ.

ಟೆಕ್ನಿಷಿಯನ್_ಪದ್ಮನಾಭನಗರ

ಸ್ಯಾಂಪಲ್ ಹಂಚಿಕೆ ಬಗ್ಗೆ ನಾನು ಬರೀತೀನಿ, ಕೆಲಸ ಕೆಡೋದು ಹೆಚ್ಚು ಇಲ್ಲೇ.

ರಾಜಾಜಿನಗರಕ್ಕೆ ಹಿಂದಿನ ದಿನವೇ ಒಂದು ಕಿಟ್ ಕಳಿಸಿ: ಫ್ರಾಸ್ಟೆಡ್ ತುದಿಯ ಸ್ಲೈಡ್ 10, ಸೀಸದ ಪೆನ್ಸಿಲ್ (ಪೆನ್ನಿನ ಇಂಕ್ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತೆ), ತಿರುಪು ಮುಚ್ಚಳದ ಸ್ಲೈಡ್ ಡಬ್ಬಿಯಲ್ಲಿ 95% ಈಥೈಲ್ ಆಲ್ಕೋಹಾಲ್, ಒಣ ಸ್ಲೈಡ್‌ಗೆ ಬೇರೆ ಡಬ್ಬಿ, 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ 10 ಎಂಎಲ್ ಇರೋ ಟ್ಯೂಬ್ ಎರಡು, ನಾರ್ಮಲ್ ಸಲೈನ್ ಟ್ಯೂಬ್ ಒಂದು.

ಮೊದಲ ಪಾಸ್‌ನಿಂದ ಎರಡೇ ಸ್ಲೈಡ್. ಸ್ಲೈಡ್ ಮೇಲೆ ಒಂದು ಸಣ್ಣ ಹನಿ, ಇನ್ನೊಂದು ಸ್ಲೈಡ್ ಮೆತ್ತಗೆ ಇಟ್ಟು ಎಳೀಬೇಕು, ಒತ್ತಬಾರದು. ಒತ್ತಿದರೆ ನ್ಯೂಕ್ಲಿಯಸ್ ಒಡೆದು ದಾರದ ಥರ ಹರಡುತ್ತೆ, ಲಿಂಫೋಮಾನೋ ಸ್ಮಾಲ್ ಸೆಲ್ ಕ್ಯಾನ್ಸರೋ ಅಂತ ಯಾರಿಗೂ ಹೇಳೋಕಾಗಲ್ಲ. ಒಂದು ಸ್ಲೈಡ್ ತಕ್ಷಣ ಆಲ್ಕೋಹಾಲ್‌ಗೆ, ತಕ್ಷಣ ಅಂದ್ರೆ ಕೈಯಿಂದ ನೇರ ಡಬ್ಬಿಗೆ. ಹತ್ತು ಸೆಕೆಂಡ್ ಗಾಳಿಗೆ ಒಣಗಿದರೂ ಪ್ಯಾಪ್ ಬಣ್ಣ ಹಾಕಿದಾಗ ನ್ಯೂಕ್ಲಿಯಸ್ ಊದಿಕೊಂಡು ಮಂಕಾಗಿ ಕಾಣುತ್ತೆ. ಇನ್ನೊಂದು ಸ್ಲೈಡ್ ಗಾಳಿಯಲ್ಲಿ ಬೀಸಿ ಪೂರ್ತಿ ಒಣಗಿಸಿ, ಎಂಜಿಜಿಗೆ. ಮಳೆಗಾಲದಲ್ಲಿ ಅದು ಬೇಗ ಒಣಗಲ್ಲ, ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿಯಲ್ಲಿ ಹಿಡೀರಿ.

ಸೂಜಿಯಲ್ಲಿ ಉಳಿದದ್ದೆಲ್ಲ ಫಾರ್ಮಲಿನ್ ಟ್ಯೂಬ್‌ಗೆ. ಎರಡನೇ ಪಾಸ್‌ನಿಂದ ಮುಂದಕ್ಕೆ ಸ್ಲೈಡೇ ಬೇಡ, ಪೂರ್ತಿ ಸೆಲ್ ಬ್ಲಾಕ್‌ಗೆ ಕೊಡಿ. ರಕ್ತ ಹೆಪ್ಪುಗಟ್ಟಿದ ಎಳೆ ಬಂದರೆ ಬಿಸಾಡಬೇಡಿ, ಅದರೊಳಗೇ ಗಡ್ಡೆಯ ತುಣುಕು ಸಿಕ್ಕಿಕೊಂಡಿರುತ್ತೆ. ಸೂಜಿ ತುದಿಯಿಂದ ಎತ್ತಿ ಹಾಗೇ ಫಾರ್ಮಲಿನ್‌ಗೆ ಬಿಡಿ.

ಬೈಕ್‌ನವರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿ. ಫಾರ್ಮಲಿನ್ ಟ್ಯೂಬೂ ಒಣ ಸ್ಲೈಡೂ ಒಂದೇ ಪೆಟ್ಟಿಗೆಯಲ್ಲಿ ಬರಬಾರದು. ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಫಾರ್ಮಲಿನ್ ಆವಿ ಆ ಒಣ ಸ್ಲೈಡ್‌ಗೆ ಹಿಡಿಯುತ್ತೆ, ಎಂಜಿಜಿ ಹಾಕಿದಾಗ ಎಲ್ಲ ನೀಲಿ-ಹಸಿರು ಮಬ್ಬು. ಆಮೇಲೆ ಏನು ಮಾಡಿದರೂ ಸರಿಹೋಗಲ್ಲ. ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಅಂದ್ರೆ ಅಷ್ಟು ಹೊತ್ತೂ ಆವಿಯಲ್ಲೇ ಇರುತ್ತೆ.

ಸೈಟೋ_ಬಸವನಗುಡಿ

ತುಂಬ ಉಪಕಾರ ಆಯ್ತು. ಬ್ಲಾಕ್‌ಗಳನ್ನು ಇವತ್ತೇ ಕೇಳ್ತೀವಿ.

ಸೆಲ್ ಬ್ಲಾಕ್ ಬಗ್ಗೆ ಇನ್ನೊಂದು ಪ್ರಶ್ನೆ. ನಾವು ಪ್ಲಾಸ್ಮಾ-ಥ್ರಾಂಬಿನ್ ವಿಧಾನ ಮಾಡೋದು. ಫಾರ್ಮಲಿನ್‌ನಲ್ಲಿ ಬಂದ ಸ್ಯಾಂಪಲ್‌ನಲ್ಲಿ ಕೆಲವು ಸಲ ಹೆಪ್ಪೇ ಕಟ್ಟಲ್ಲ, ನೀರುನೀರಾಗೇ ಉಳಿಯುತ್ತೆ. ಸಲೈನ್‌ನಲ್ಲೇ ತರಿಸೋದು ವಾಸಿನಾ? ಮತ್ತೆ, ಇದೇ ಸೆಂಟರ್‌ನಿಂದ ಕಿಡ್ನಿ ಕ್ಯಾನ್ಸರ್, ಮೆಲನೋಮಾ (ಚರ್ಮದ ಬಣ್ಣದ ಕೋಶಗಳ ಕ್ಯಾನ್ಸರ್) ಹಿನ್ನೆಲೆ ಇರೋ ಕೇಸ್‌ಗಳೂ ಬರ್ತಾವೆ. ಅವಕ್ಕೆ ವ್ಯತ್ಯಾಸ ಏನು?

ಟೆಕ್ನಿಷಿಯನ್_ಪದ್ಮನಾಭನಗರ

ಹೆಪ್ಪು ಕಟ್ಟದೇ ಇರೋದಕ್ಕೆ ಕಾರಣ ಫಾರ್ಮಲಿನ್. ಪ್ಲಾಸ್ಮಾದಲ್ಲಿರೋ ಫೈಬ್ರಿನೋಜೆನ್ ಮೇಲೆ ಥ್ರಾಂಬಿನ್ ಕೆಲಸ ಮಾಡಬೇಕು, ಉಳಿದಿರೋ ಫಾರ್ಮಲಿನ್ ಅಷ್ಟರಲ್ಲಿ ಎರಡನ್ನೂ ಕೆಡಿಸಿರುತ್ತೆ. ಹಾಗಾಗಿ 2000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ದ್ರವ ಚೆಲ್ಲಿ, ಸಲೈನ್ ಹಾಕಿ ಮತ್ತೆ ತಿರುಗಿಸಿ. ಇದೇ ಥರ ಎರಡು ಸಲ ತೊಳೀಬೇಕು. ಆಮೇಲೆ ತಳದಲ್ಲಿ ಉಳಿದದ್ದಕ್ಕೆ ಪ್ಲಾಸ್ಮಾ 2 ಹನಿ, ಕದಡಿ, ಥ್ರಾಂಬಿನ್ 2 ಹನಿ. ಒಂದೆರಡು ನಿಮಿಷ ಅಲ್ಲಾಡಿಸದೆ ಬಿಡಿ. ಟ್ಯೂಬ್ ವಾಲಿಸಿದಾಗ ಒಂದೇ ಮುದ್ದೆಯಾಗಿ ಜಾರಬೇಕು. ಅದನ್ನು ಲೆನ್ಸ್ ಪೇಪರ್‌ನಲ್ಲಿ ಮಡಚಿ ಕ್ಯಾಸೆಟ್‌ಗೆ ಹಾಕಿ ಹೊಸ ಫಾರ್ಮಲಿನ್‌ಗೆ.

ಸಲೈನ್‌ನಲ್ಲಿ ತರಿಸಬಹುದು, ಹೆಪ್ಪು ಸಲೀಸಾಗಿ ಕಟ್ಟುತ್ತೆ. ಆದರೆ ಸಲೈನ್‌ನಲ್ಲಿ ಕೋಶ ಕೆಡೋಕೆ ಶುರುವಾಗುತ್ತೆ, ಐಸ್ ಪ್ಯಾಕ್ ಜೊತೆ ಬೇಗ ಬರಬೇಕು. ಸಂಜೆ ಪ್ರೊಸೀಜರ್, ಮಾರನೇ ದಿನ ಪ್ರೊಸೆಸಿಂಗ್ ಅಂದ್ರೆ ಬೇಡವೇ ಬೇಡ. ಆಲ್ಕೋಹಾಲ್ ಇರೋ ದ್ರವದಲ್ಲಿ ಹಾಕಿ ತರಿಸೋದಂತೂ ಈ ಕೇಸ್‌ಗೆ ತಪ್ಪು. ಇಆರ್, ಹರ್2, ಎಸ್100 ಇವೆಲ್ಲ ಫಾರ್ಮಲಿನ್‌ನಲ್ಲಿ ಫಿಕ್ಸ್ ಆದ ಅಂಗಾಂಶಕ್ಕೆ ಅಂತ ಹೊಂದಿಸಿರೋ ಟೆಸ್ಟ್‌ಗಳು, ಆಲ್ಕೋಹಾಲ್‌ನಲ್ಲಿ ಸುಳ್ಳು ನೆಗೆಟಿವ್ ಬರಬಹುದು.

ಪ್ಲಾಸ್ಮಾ ದೊಡ್ಡ ಬಾಟಲಿಯಿಂದ ದಿನಾ ತೆಗೆದು ಬಳಸ್ತಿದ್ರೆ ಅದನ್ನು ನಿಲ್ಲಿಸಿ. ಒಂದು ಕೇಸ್‌ನ ಕೋಶ ಪಿಪೆಟ್ ಮೂಲಕ ಬಾಟಲಿಗೆ ಹೋಗಿ ಇನ್ನೊಬ್ಬರ ಬ್ಲಾಕ್‌ನಲ್ಲಿ ಬರುತ್ತೆ. ಸಣ್ಣ ಸಣ್ಣ ಟ್ಯೂಬ್ ಮಾಡಿ ಫ್ರೀಜ್ ಮಾಡಿಡಿ, ಕೇಸ್‌ಗೊಂದು ಟ್ಯೂಬ್, ಉಳಿದರೆ ಚೆಲ್ಲಿ.

ಕಟ್ ಮಾಡುವಾಗ: ಮೊದಲು ಎಚ್ ಅಂಡ್ ಇ, ಆಮೇಲೆ ಮತ್ತೆ ಬ್ಲಾಕ್ ಹಚ್ಚಿ ಮಾರ್ಕರ್‌ಗೆ, ಆಮೇಲೆ ಮತ್ತೆ ಹಚ್ಚಿ ಎರಡನೇ ಸುತ್ತಿಗೆ ಅಂತ ಮಾಡಬೇಡಿ. ಪ್ರತಿ ಸಲ ಬ್ಲಾಕ್ ಮೈಕ್ರೋಟೋಮ್‌ಗೆ ಹಾಕಿ ಮಟ್ಟ ಮಾಡುವಾಗ ಎಷ್ಟೋ ಸೆಕ್ಷನ್ ವ್ಯರ್ಥ ಹೋಗುತ್ತೆ, ಸಣ್ಣ ಬ್ಲಾಕ್‌ನಲ್ಲಿ ಇರೋದೇ ಅಷ್ಟು. ಒಂದೇ ಕೂರಿಕೆಯಲ್ಲಿ 3ರಿಂದ 4 ಮೈಕ್ರಾನ್‌ನ 10-12 ಸೆಕ್ಷನ್ ತೆಗೆದು ಚಾರ್ಜ್ಡ್ ಸ್ಲೈಡ್ ಮೇಲೆ ಇಟ್ಟು ನಂಬರ್ ಹಾಕಿ. 1 ಮತ್ತು ಕೊನೇದು ಎಚ್ ಅಂಡ್ ಇ, ನಡುವಿನವು ಕಾದಿರಲಿ. ಕೊನೇದರಲ್ಲೂ ಗಡ್ಡೆ ಇದ್ದರೆ ನಡುವೆಯೂ ಇದೆ ಅಂತ ಭರವಸೆ.

ಸೂಕ್ಷ್ಮದರ್ಶಿ (ಸೈಟೋಪೆಥಾಲಜಿ)

ಬೇರೆ ಮೂಲಗಳ ಬಗ್ಗೆ ಕೇಳಿದಿರಿ.

ಮೆಲನೋಮಾ ಸಣ್ಣ ಕರುಳಿಗೆ ಹರಡುವುದು ಹೆಚ್ಚು, ಜಠರದಲ್ಲೂ ಸಿಗುತ್ತದೆ. ದೊಡ್ಡ ನ್ಯೂಕ್ಲಿಯೋಲಸ್, ಎರಡು ನ್ಯೂಕ್ಲಿಯಸ್‌ನ ಕೋಶಗಳು, ಬಿಡಿಬಿಡಿ ಹರಡಿಕೆ. ಬಣ್ಣ ಇರಲೇಬೇಕೆಂದಿಲ್ಲ. ಕೋಶ ಕದಿರಿನ ಆಕಾರಕ್ಕೆ ತಿರುಗಿದರೆ ಜಿಸ್ಟ್ ಅಂತ ಮೋಸಹೋಗುತ್ತೇವೆ, ಯಾಕೆಂದರೆ ಸಿಡಿ117 ಮೆಲನೋಮಾದಲ್ಲೂ ಪಾಸಿಟಿವ್ ಬರಬಹುದು. ಅದರ ಜೊತೆ ಡಾಗ್1 ಮತ್ತು ಸಾಕ್ಸ್10 ಹಾಕಿ. ಸಾಕ್ಸ್10 ಪಾಸಿಟಿವ್, ಡಾಗ್1 ನೆಗೆಟಿವ್ ಅಂದರೆ ಜಿಸ್ಟ್ ಅಲ್ಲ. ಕಂದು ಕಣ ಕಂಡ ಮಾತ್ರಕ್ಕೆ ಮೆಲನಿನ್ ಅನ್ನಬೇಡಿ, ರಕ್ತ ಸೋರಿದ ಜಾಗದಲ್ಲಿ ಹಿಮೋಸಿಡೆರಿನ್ (ರಕ್ತದಿಂದ ಬಂದ ಕಬ್ಬಿಣದ ಕಣ) ಇರುತ್ತದೆ. ಪರ್ಲ್ಸ್ ಸ್ಟೇನ್‌ನಲ್ಲಿ ಅದು ನೀಲಿಯಾಗುತ್ತದೆ.

ಕಿಡ್ನಿಯ ಕ್ಲಿಯರ್ ಸೆಲ್ ಕ್ಯಾನ್ಸರ್‌ನಲ್ಲಿ ರಕ್ತನಾಳ ಬಹಳ. ಸ್ಯಾಂಪಲ್ ಬರೀ ರಕ್ತವಾಗಿ ಬರುತ್ತದೆ, ಆದ್ದರಿಂದ ಸಕ್ಷನ್ ಇಲ್ಲದೆ ಸಣ್ಣ ಸೂಜಿಯಲ್ಲಿ ಮಾಡಲು ಹೇಳಿ. ಪಾಕ್ಸ್8, ಸಿಡಿ10, ಸಿಎ9 ಸಾಕು. ಪಾಕ್ಸ್8 ಅಂಡಾಶಯದ ಸೀರಸ್ ಕ್ಯಾನ್ಸರ್‌ನಲ್ಲೂ ಪಾಸಿಟಿವ್, ಅಲ್ಲಿ ಡಬ್ಲ್ಯುಟಿ1 ಜೊತೆಗಿರುತ್ತದೆ. ಶ್ವಾಸಕೋಶದ ಅಡಿನೋಕಾರ್ಸಿನೋಮಾಗೆ ಟಿಟಿಎಫ್1, ನ್ಯಾಪ್ಸಿನ್ ಎ. ಸ್ಮಾಲ್ ಸೆಲ್ ಕಾರ್ಸಿನೋಮಾ ಆದರೆ ಟಿಟಿಎಫ್1 ನೋಡಿ ಶ್ವಾಸಕೋಶದ್ದೇ ಅಂತ ಬರೆಯಬೇಡಿ, ಬೇರೆಡೆ ಹುಟ್ಟಿದ ಸ್ಮಾಲ್ ಸೆಲ್‌ನಲ್ಲೂ ಅದು ಬರುತ್ತದೆ, ಅಲ್ಲಿ ಸಿಟಿಯೇ ಗತಿ.

ಮತ್ತೆ ನಿಮ್ಮ ಕೇಸ್‌ಗೆ ಬಂದರೆ, ಸ್ಲೈಡ್‌ನಲ್ಲಿ ಜೇನುಗೂಡಿನ ಹಾಗೆ ಚಪ್ಪಟೆ ಹಾಳೆಯಾಗಿ, ಸಮ ಅಂತರದ ನ್ಯೂಕ್ಲಿಯಸ್ ಇರುವ ಕೋಶಗಳು ಕಂಡರೆ ಅವು ಸೂಜಿ ದಾಟಿ ಬಂದ ಜಠರದ ಒಳಪೊರೆಯವು. ಲೋಳೆ ನುಂಗಿದ ಮ್ಯಾಕ್ರೋಫೇಜ್‌ಗಳು ಸಿಗ್ನೆಟ್ ಕೋಶದ ಹಾಗೇ ಕಾಣುತ್ತವೆ. ಕೆರಟಿನ್ ನೆಗೆಟಿವ್, ಸಿಡಿ68 ಪಾಸಿಟಿವ್ ಆದರೆ ಅವೇ. ಬರೀ ಬಿಡಿ ದುಂಡು ಕೋಶಗಳಿದ್ದು ಕೆರಟಿನ್ ಹಿಡಿಯದಿದ್ದರೆ ಸಿಡಿ45 ಹಾಕಿ. ಲಿಂಫೋಮಾ ಅನ್ನಿಸಿದರೆ ಫ್ಲೋ ಸೈಟೋಮೆಟ್ರಿ (ದ್ರವದಲ್ಲಿರುವ ಫಿಕ್ಸ್ ಆಗದ ಕೋಶಗಳ ಟೆಸ್ಟ್) ಬೇಕಾಗುತ್ತದೆ. ಕಿಟ್‌ನಲ್ಲಿರುವ ಸಲೈನ್ ಟ್ಯೂಬ್ ಅದಕ್ಕೇ. ಕೊನೆಯ ಪಾಸ್‌ನ ಸ್ವಲ್ಪ ಭಾಗವನ್ನು ಅದರಲ್ಲಿ ಹಾಕಿಸಿ, 4 ಡಿಗ್ರಿಯಲ್ಲಿಟ್ಟು ಅದೇ ದಿನ ಕಳಿಸಲು ವ್ಯವಸ್ಥೆ ಇರಲಿ. ಫಾರ್ಮಲಿನ್‌ಗೆ ಹೋದದ್ದು ಫ್ಲೋಗೆ ಆಗುವುದಿಲ್ಲ.

ಏನೂ ಸಿಗದಿದ್ದರೆ ರಿಪೋರ್ಟ್‌ನಲ್ಲಿ 'ನೆಗೆಟಿವ್' ಅಂತ ಬರೆಯಬೇಡಿ. ಒಳಪೊರೆಯ ಕೋಶ ಮಾತ್ರ ಇದ್ದರೆ ಅದು ಅಸಮರ್ಪಕ ಸ್ಯಾಂಪಲ್, ಗೋಡೆಯ ಆಳದ ಭಾಗ ಬಂದೇ ಇಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಇಲ್ಲವಾದರೆ ಮೂರನೇ ಸಲವೂ ಗ್ಯಾಸ್ಟ್ರೈಟಿಸ್ ಮಾತ್ರೆ ಕೊಟ್ಟು ಮನೆಗೆ ಕಳಿಸಿಬಿಡುತ್ತಾರೆ.

ಆಂಕೋ_ಹೊಸೂರುರಸ್ತೆ

ಚಿಕಿತ್ಸೆ ಕೊಡುವವರ ಕಡೆಯಿಂದ ಎರಡು ಮಾತು.

ಸ್ತನದ್ದು ಅಂತ ಖಚಿತವಾದರೆ ಇಆರ್, ಪಿಆರ್ (ಪ್ರೊಜೆಸ್ಟರಾನ್ ರಿಸೆಪ್ಟರ್), ಹರ್2 ಮೂರೂ ಈ ಹೊಸ ಸ್ಯಾಂಪಲ್‌ನಲ್ಲೇ ಬೇಕು. 8 ವರ್ಷದ ಹಿಂದಿನ ಫಲಿತಾಂಶ ಈಗಲೂ ಹಾಗೇ ಇರಬೇಕೆಂದಿಲ್ಲ. ಇಆರ್ ಎಷ್ಟು ಶೇಕಡಾ ಕೋಶದಲ್ಲಿ ಅಂತ ಅಂಕಿ ಕೊಡಿ. 1% ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್, 1ರಿಂದ 10% ಇದ್ದರೆ 'ಲೋ ಪಾಸಿಟಿವ್' ಅಂತ ಬೇರೆಯಾಗಿ ಬರೆಯಬೇಕು. ಫಾರ್ಮಲಿನ್‌ಗೆ ಹಾಕಿದ ಹೊತ್ತನ್ನು ಟ್ಯೂಬ್ ಮೇಲೆ ಬರೆಸಿ. ಈ ಮೂರು ಟೆಸ್ಟ್‌ಗೆ ಫಿಕ್ಸೇಷನ್ 6 ಗಂಟೆಗಿಂತ ಕಮ್ಮಿ ಆಗಬಾರದು, 72 ಗಂಟೆ ಮೀರಬಾರದು. ಶನಿವಾರ ಸಂಜೆ ಪ್ರೊಸೀಜರ್ ಆಗಿ ಸೋಮವಾರ ಸರ್ಕಾರಿ ರಜೆ ಬಂದರೆ ಅದು ಮೀರಿಹೋಗಬಹುದು, ಆದ್ದರಿಂದ ವಾರದ ಮೊದಲ ಭಾಗದ ಬೆಳಗಿನ ಸ್ಲಾಟ್ ಕೇಳಿ. ಹರ್2 ಓದುವ ನಿಯಮ ಸ್ತನಕ್ಕೆ ಬೇರೆ, ಜಠರಕ್ಕೆ ಬೇರೆ. ಯಾವ ನಿಯಮದಲ್ಲಿ ಓದಿದ್ದು ಅಂತ ರಿಪೋರ್ಟ್‌ನಲ್ಲಿ ಇರಲಿ.

ಹಳೆಯ ಸ್ತನದ ಆಪರೇಷನ್ನಿನ ಬ್ಲಾಕೂ ತರಿಸಿ, ಸ್ಲೈಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ. ಎರಡನೇ ಅಭಿಪ್ರಾಯಕ್ಕೆ ಕಿದ್ವಾಯಿಗೋ ಬೇರೆ ದೊಡ್ಡ ಕೇಂದ್ರಕ್ಕೋ ಕಳಿಸುವಾಗ ಕುಟುಂಬದವರ ಕೈಗೆ ರಿಪೋರ್ಟ್ ಜೆರಾಕ್ಸ್ ಮಾತ್ರ ಕೊಟ್ಟರೆ ಅಲ್ಲಿಂದ ಬ್ಲಾಕ್ ತನ್ನಿ ಅಂತ ವಾಪಸ್ ಕಳಿಸುತ್ತಾರೆ. ಬ್ಲಾಕ್, ಸ್ಟೇನ್ ಮಾಡಿದ ಸ್ಲೈಡ್‌ಗಳು, ಐಎಚ್‌ಸಿ (ಮಾರ್ಕರ್ ಹಾಕಿದ) ಸ್ಲೈಡ್‌ಗಳು, ಎಂಡೋಸ್ಕೋಪಿ ಮತ್ತು ಸಿಟಿ ರಿಪೋರ್ಟ್ ಎಲ್ಲ ಒಂದೇ ಲಕೋಟೆಯಲ್ಲಿ, ಮೇಲೆ ನಂಬರ್ ಬರೆದು ಕೊಡಿ. ಸ್ಮಿಯರ್ ಸ್ಲೈಡ್ ಒಡೆದರೆ ಇನ್ನೊಂದು ಮಾಡಲಾಗದು, ಹಾಗಾಗಿ ಗಟ್ಟಿ ಪ್ಲಾಸ್ಟಿಕ್ ಮೇಲರ್‌ನಲ್ಲೇ ಹಾಕಿ. ಕೊಡುವ ಮೊದಲು ಬ್ಲಾಕ್‌ನಿಂದ ಸ್ಟೇನ್ ಹಾಕದ ನಾಲ್ಕೈದು ಸೆಕ್ಷನ್ ನಿಮ್ಮ ಹತ್ತಿರ ಉಳಿಸಿಕೊಂಡಿರಿ.